ಅಜ್ಜಿ ಅಳೆಯುತ್ತಿದ್ದಳು

ಅಡುಗೆಯ ಬರಹಕ್ಕೆ ಕನ್ನಡದಲ್ಲಿ ಈಚೆಗೆ ಒಳ್ಳೆಯ ಮರ್ಯಾದೆ ಬಂದಿದೆ. ಆ ಮರ್ಯಾದೆಯ ಮುಕ್ಕಾಲು ಪಾಲು ಅಡುಗೆಗೆ ಸಂದದ್ದಲ್ಲ, ಅಜ್ಜಿಗೆ ಸಂದದ್ದು. ವಾರದ ಪುರವಣಿ, ಹಬ್ಬದ ವಿಶೇಷಾಂಕ, ಊರು ಬಿಟ್ಟವರು ಅಕ್ಕರೆಯಿಂದ ಅಚ್ಚು ಹಾಕಿಸುವ ಮನೆತನದ ಅಡುಗೆ ಪುಸ್ತಕ, ಎಲ್ಲಿ ನೋಡಿದರೂ ಒಂದೇ ಎರಕದ ಬರಹ. ಮೊದಲ ಎರಡು ಪುಟ ಹಿತ್ತಿಲು, ಸೌದೆ ಒಲೆ, ಹಿತ್ತಾಳೆ ತಪ್ಪಲೆ, ಬಳೆಯ ಸದ್ದು; ಕೊನೆಯ ಅರ್ಧ ಪುಟ ಒಬ್ಬಟ್ಟೋ ಗೊಜ್ಜೋ ರೊಟ್ಟಿಯೋ ಮಾಡುವ ವಿಧಾನ. ಓದುಗರು ಮೊದಲ ಎರಡು ಪುಟಕ್ಕೆ ಕಣ್ಣೊದ್ದೆ ಮಾಡಿಕೊಳ್ಳುತ್ತಾರೆ, ವಿಮರ್ಶಕರು ಅದನ್ನೇ ಹಿಡಿದು ‘ನೆನಪಿನ ಸಂಸ್ಕೃತಿ’ ಎಂದು ಮೆಚ್ಚುತ್ತಾರೆ. ಕೊನೆಯ ಅರ್ಧ ಪುಟವನ್ನು ವಿಮರ್ಶೆಯ ಕಣ್ಣಿಂದ ಯಾರೂ ಓದಿದಂತಿಲ್ಲ. ಓದಿದರೆ ಈ ಪ್ರಕಾರದ ಹೆಗ್ಗಳಿಕೆ ಅಲ್ಲೇ ಸೋರಿಹೋಗುತ್ತದೆ. ಉಳಿಸಿಕೊಡುತ್ತೇವೆ ಎಂದು ಹೊರಟದ್ದನ್ನೇ ಇವು ಕಳೆಯುತ್ತಿವೆ ಎಂಬುದು ನನ್ನ ವಾದ.

ಕನ್ನಡ ಪಾಕಸಾಹಿತ್ಯದ ವಂಶಾವಳಿ ಬಲ್ಲವರಿಗೆ ಗೊತ್ತೇ ಇದೆ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೆ ಜಾಗವಿದೆ, ಕಲ್ಯಾಣದ ಮೂರನೆಯ ಸೋಮೇಶ್ವರ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಊಟವನ್ನು ಬಡಿಸಿದ್ದಾನೆ, ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಸುಮಾರು 1508ರದ್ದು. ಪಿಷ್ಟಪಾಕವನ್ನು, ಅಂದರೆ ಹಿಟ್ಟಿನ ಭಕ್ಷ್ಯಗಳನ್ನು, ಮೊದಲ ಅಧ್ಯಾಯದಲ್ಲೇ ಕೂರಿಸಿ ಷಟ್ಪದಿಯಲ್ಲಿ ಅಡುಗೆ ಹೇಳಿದ ಈ ಕವಿಯನ್ನು ನಾವು ‘ಆಗ ಏನೇನು ತಿನ್ನುತ್ತಿದ್ದರು’ ಎಂಬ ಪಟ್ಟಿಗಾಗಿ ಮಾತ್ರ ಓದುತ್ತೇವೆ. ಪ್ರಾಸಕ್ಕೆ ಕಟ್ಟುಬಿದ್ದ ಪದ್ಯವನ್ನು ಎದುರಿಗಿಟ್ಟುಕೊಂಡು ಇಂದು ಒಲೆ ಹಚ್ಚುವುದು ಸುಲಭವಲ್ಲ, ಒಪ್ಪೋಣ. ಆದರೂ ಅಲ್ಲಿ ಅಡುಗೆಯೇ ವಸ್ತು. ಅಡುಗೆ ಮಾಡಿದವರ ಗುಣಗಾನದಿಂದ ಪದ್ಯ ತುಂಬಿಸುವ ದುರ್ಗತಿ ಮಂಗರಸನಿಗೆ ಬಂದಿರಲಿಲ್ಲ.

ಈಗ ಆ ಅರ್ಧ ಪುಟಕ್ಕೆ ಬರೋಣ. ಒಬ್ಬಟ್ಟಿನ ವಿಧಾನ ಹೇಳುವ ಯಾವುದೇ ನೆನಪಿನ ಬರಹವನ್ನು ತೆಗೆದುಕೊಂಡರೂ ‘ಕಣಕವನ್ನು ಹದವಾಗಿ ಕಲಸಿ’ ಎಂಬರ್ಥದ ಒಂದು ಮಾತು ಸಿಕ್ಕೇ ಸಿಗುತ್ತದೆ. ವಿಧಾನದ ಭಾರವೆಲ್ಲ ಈ ಒಂದು ಮಾತಿನ ಮೇಲಿದೆ, ಮತ್ತು ಈ ಮಾತು ಏನನ್ನೂ ಹೇಳುವುದಿಲ್ಲ. ಹದ ಎಂದರೆ ಯಾವುದು? ಹಳೇ ಮೈಸೂರಿನ ಕಡೆ ಒಬ್ಬಟ್ಟನ್ನು ಬಾಳೆಲೆಯ ಮೇಲೋ ಎಣ್ಣೆ ಸವರಿದ ಹಾಳೆಯ ಮೇಲೋ ಬೆರಳಿನಿಂದ ತಟ್ಟುತ್ತಾರೆ. ಅದಕ್ಕೆ ಚಿರೋಟಿ ರವೆಯ ಅಥವಾ ಮೈದಾದ ಕಣಕ ಸಡಿಲವಾಗಿರಬೇಕು. ಎತ್ತಿದರೆ ಜೋತುಬೀಳಬೇಕು, ಎಳೆದರೆ ತುಂಡಾಗದೆ ಹಿಗ್ಗಬೇಕು. ಧಾರವಾಡದ ಕಡೆ ಗೋಧಿ ಹಿಟ್ಟಿನ ಕಣಕದಲ್ಲಿ ಹೂರಣ ತುಂಬಿ, ಒಣಹಿಟ್ಟು ಉದುರಿಸಿ, ಲಟ್ಟಣಿಗೆಯಿಂದ ಲಟ್ಟಿಸುತ್ತಾರೆ. ತಟ್ಟುವ ಕಣಕವನ್ನು ಹಾಗೆ ಲಟ್ಟಿಸಲು ಹೋದರೆ ಅದು ಲಟ್ಟಣಿಗೆಗೆ ಸುತ್ತಿಕೊಳ್ಳುತ್ತದೆ. ಲಟ್ಟಿಸುವ ಕಣಕವನ್ನು ಬೆರಳಲ್ಲಿ ತಟ್ಟಿದರೆ ಅದು ಹರಡದೆ ಮತ್ತೆ ಕುಗ್ಗಿ ಕೂರುತ್ತದೆ. ಹೀಗೆ ಒಂದೇ ಮಾತು ಎರಡು ಊರುಗಳಲ್ಲಿ ಎರಡು ದಿಕ್ಕಿಗೆ ಕೈ ತೋರಿಸುತ್ತದೆ. ಯಾವ ದಿಕ್ಕಿಗೆಂದು ಅಜ್ಜಿಯ ಊರಿನ ಹೆಸರಿನಿಂದ ಊಹಿಸಿಕೊಳ್ಳಬೇಕು. ನೆನಪಿನ ಎರಡು ಪುಟಗಳಿಂದ ಅಡುಗೆ ಮಾಡುವವರಿಗೆ ಸಿಗುವ ಉಪಕಾರ ಬಹುಶಃ ಇದೊಂದೇ.

ಇಷ್ಟಕ್ಕೇ ಮುಗಿಯುವುದಿಲ್ಲ. ಕಣಕದ ಹದವನ್ನು ಕಣಕದಲ್ಲೇ ಹುಡುಕುವುದು ತಪ್ಪು. ಅದು ಹೂರಣದ ಜೊತೆಗಿನ ಸಂಬಂಧದಲ್ಲಿದೆ. ಹೂರಣ ಗಟ್ಟಿಯಾಗಿ ಕಣಕ ಮೆತ್ತಗಿದ್ದರೆ ತಟ್ಟುವಾಗ ಕಣಕ ಮುಂದೆ ಓಡುತ್ತದೆ, ಹೂರಣ ನಡುವೆ ಗಂಟಾಗಿ ಉಳಿಯುತ್ತದೆ. ಅಂಚಿನಲ್ಲಿ ಬರೀ ಹಿಟ್ಟು. ಕಣಕ ಬಿಗಿಯಾಗಿ ಹೂರಣ ಸಡಿಲವಾಗಿದ್ದರೆ ಕಣಕ ಬಿರಿದು ಹೂರಣ ಹೆಂಚಿಗೆ ಇಳಿದು ಸೀಯುತ್ತದೆ. ಎರಡನ್ನೂ ಒಂದೇ ಬೆರಳಿನಿಂದ ಒತ್ತಿದಾಗ ಒಂದೇ ಸಮ ತಗ್ಗಬೇಕು. ಇದಕ್ಕೆ ಕಾರಣಗಳನ್ನೂ ಹೇಳಬಹುದು. ಕಣಕವನ್ನು ಎಣ್ಣೆಯಲ್ಲಿ ಮುಳುಗಿಸಿ ಒಂದೆರಡು ಗಂಟೆ ಬಿಡುವುದು ಶಾಸ್ತ್ರಕ್ಕಲ್ಲ; ನಾದಿದಾಗ ಬಿಗಿದುಕೊಂಡ ಗೋಧಿಯ ಅಂಟು ಆ ಹೊತ್ತಿನಲ್ಲಿ ಸಡಿಲಗೊಳ್ಳುತ್ತದೆ. ಬೇಳೆ ಬೆರಳಲ್ಲಿ ಹಿಸುಕಿದರೆ ನುಣ್ಣಗಾಗಬೇಕು, ಆದರೆ ನೀರಿನಲ್ಲಿ ಕರಗಿರಬಾರದು, ಏಕೆಂದರೆ ಕರಗಿದ ಬೇಳೆಯಿಂದ ಕಟ್ಟನ್ನು ಬಸಿಯಲು ಆಗುವುದಿಲ್ಲ. ಬಸಿದರೆ ಹೂರಣವೂ ಉಳಿಯಿತು, ಒಬ್ಬಟ್ಟಿನ ಸಾರಿಗೆ ಕಟ್ಟೂ ಸಿಕ್ಕಿತು. ಬೆಲ್ಲ ಬಿದ್ದೊಡನೆ ಬೇಳೆ ನೀರಾಗುತ್ತದೆ. ಮೊದಲ ಸಲ ಮಾಡುವವರು ಹೆದರಿ ಒಲೆ ಆರಿಸುವುದು ಇಲ್ಲೇ. ಕೈಬಿಡದೆ ತೊಳಸಿದರೆ ಅದು ಮತ್ತೆ ಗಟ್ಟಿಯಾಗುತ್ತದೆ. ಹೂರಣ ಬಿಸಿಯಲ್ಲಿ ಮೆತ್ತಗೆ, ಆರಿದ ಮೇಲೆ ಗಟ್ಟಿ. ಹಾಗಾಗಿ ಕಣಕದೊಂದಿಗೆ ಹೋಲಿಸಿ ನೋಡಬೇಕಾದದ್ದು ಆರಿದ ಮೇಲೆ. ಈ ಐದಾರು ಮಾತು ಬರೆಯಲು ಕಾಲು ಪುಟ ಸಾಕು. ಆ ಕಾಲು ಪುಟವಿದ್ದರೆ ‘ಅಜ್ಜಿಯ ಕೈಯಲ್ಲಿ ಏನೋ ಮಾಯೆಯಿತ್ತು’ ಎನ್ನುವ ಮಾತಿಗೆ ಜಾಗ ಉಳಿಯುವುದಿಲ್ಲ. ಎಲ್ಲಿ ತಿಳಿವಳಿಕೆ ತೀರಿತೋ ಅಲ್ಲಿ ಬರಹ ನೆನಪಿಗೆ ಹೊರಳುತ್ತದೆ ಎಂದು ನನಗೆ ಅನುಮಾನ ಹುಟ್ಟುವುದು ಇಂಥ ಕಡೆ.

‘ನಮ್ಮ ಅಜ್ಜಿ ಎಂದೂ ಅಳತೆ ನೋಡಿದವಳಲ್ಲ’ ಎಂಬುದು ಈ ಪ್ರಕಾರದ ಇನ್ನೊಂದು ಬಿರುದು. ಇದನ್ನು ನಂಬಲು ಆಗದು. ಸೇರು, ಅಚ್ಚೇರು, ಪಾವು, ಚಟಾಕು ಎಂಬ ಮಾತುಗಳು ಅಂಗಡಿಯಲ್ಲಿ ಎಷ್ಟು ಓಡಾಡಿದವೋ ಅಡುಗೆಮನೆಯಲ್ಲೂ ಅಷ್ಟೇ ಓಡಾಡಿದವು. ಅಕ್ಕಿಯ ಡಬ್ಬಿಯಲ್ಲಿ ಪಾವು ಸದಾ ಹೂತುಕೊಂಡಿರುತ್ತಿತ್ತು. ಸಾರಿಗೆ ಒಂದು ಸೌಟು, ಕಾಫಿಗೆ ಒಂದು ಲೋಟ, ಉಪ್ಪಿಗೆ ಮರದ ಮರಿಗೆ. ದಿನವೂ ಅದೇ ಪಾತ್ರೆ, ಅದೇ ಗೆರೆ. ಕಣ್ಣಳತೆ ಎಂದು ನಾವು ಕರೆಯುವುದು ಬಹುಪಾಲು ಪಾತ್ರೆಯಳತೆ. ಪಾತ್ರೆ ಬದಲಾಗದಿದ್ದಾಗ ಅಳೆಯುವ ಕೆಲಸ ಕಣ್ಣಿಗೆ ಕಾಣದಂತಾಗುತ್ತದೆ, ಅಷ್ಟೇ. 1956ರ ತೂಕ ಮತ್ತು ಅಳತೆಗಳ ಕಾಯ್ದೆ ಬಂದು, 1958ರಿಂದ ಹಂತಹಂತವಾಗಿ ಕಿಲೋ, ಲೀಟರು ಜಾರಿಯಾದಾಗ ಸೇರು ಪಾವುಗಳು ಅಂಗಡಿಯಿಂದ ಹೋದವು. ಆಮೇಲೆ ಮಕ್ಕಳು ಬೆಂಗಳೂರಿಗೆ, ಮುಂಬೈಗೆ, ನ್ಯೂಜೆರ್ಸಿಗೆ ಹೋದರು. ಪಾತ್ರೆ ಊರಲ್ಲೇ ಉಳಿಯಿತು. ಪಾತ್ರೆಯ ಜೊತೆ ಉಳಿದುಹೋದ ಅಳತೆಯನ್ನು ಹುಡುಕಿ ತೆಗೆಯುವುದು ಬರೆಯುವವರ ಕೆಲಸವಾಗಿತ್ತು. ಆ ಲೋಟಕ್ಕೆ ಎಷ್ಟು ಹಿಡಿಯುತ್ತದೆಂದು ನೀರು ತುಂಬಿ ನೋಡಿದರೆ ಆಗುತ್ತಿತ್ತು. ಅದರ ಬದಲು ‘ಅಳತೆಯೇ ಇರಲಿಲ್ಲ’ ಎಂದು ಬರೆದು, ಮರೆತದ್ದನ್ನು ಅಜ್ಜಿಯ ದೊಡ್ಡಸ್ತಿಕೆ ಮಾಡಿಬಿಟ್ಟರು.

ಎಲ್ಲ ಅಡುಗೆಗೂ ಒಂದೇ ಕಟ್ಟುನಿಟ್ಟು ಬೇಕೆಂದು ಹೇಳುತ್ತಿಲ್ಲ. ಗೊಜ್ಜಿನ ಮಾತು ಬೇರೆ. ‘ನಿಂಬೆಗಾತ್ರದ ಹುಣಸೆಹಣ್ಣು’ ಎಂಬ ಅಳತೆಯನ್ನು ಗ್ರಾಮಿನ ಭಕ್ತರು ಗೇಲಿ ಮಾಡುತ್ತಾರೆ. ನನಗೆ ಅದು ಒಳ್ಳೆಯ ಅಳತೆ. ಹೊಸ ಹುಣಸೆ ಹಳೆಯದು ಎರಡಕ್ಕೂ ಹುಳಿಯಲ್ಲಿ ವ್ಯತ್ಯಾಸವಿರುವುದರಿಂದ ಗ್ರಾಮಿನ ಕರಾರುವಾಕ್ಕು ಅಲ್ಲಿ ಬರೀ ತೋರಿಕೆ. ಹುಳಿ ಮುಂದಾದರೆ ಚೂರು ಬೆಲ್ಲ, ನೀರಾದರೆ ಇನ್ನೊಂದು ಕುದಿ. ಗೊಜ್ಜಿನಲ್ಲಿ ತಪ್ಪಿದ್ದನ್ನು ಒಲೆಯ ಮೇಲೆಯೇ ಸರಿಮಾಡಬಹುದು. ಹಂಚಿನ ಮೇಲೆ ಬಿರಿದ ಒಬ್ಬಟ್ಟನ್ನು ಸರಿಮಾಡಲು ಬರುವುದಿಲ್ಲ. ತಿದ್ದಲು ಬರುವ ಅಡುಗೆಗೆ ಒಪ್ಪುವ ಸಡಿಲ ಮಾತನ್ನು ತಿದ್ದಲು ಬಾರದ ಅಡುಗೆಗೂ ಹಚ್ಚಿರುವುದೇ ತಕರಾರು.

ಈ ಬರಹಗಳನ್ನು ಎತ್ತಿಹಿಡಿಯುವ ವಿಮರ್ಶಕರ ಜೊತೆ ನನ್ನ ಜಗಳ ಇನ್ನೂ ದೊಡ್ಡದು. ಪಾಕವಿಧಾನ ಹೆಣ್ಣಿನ ಆತ್ಮಕಥೆ, ಅಡುಗೆಮನೆ ಅವಳ ಅಕ್ಷರವಿಲ್ಲದ ಗ್ರಂಥಾಲಯ, ಇದನ್ನು ಕೈಪಿಡಿಯಂತೆ ಓದುವುದು ಗಂಡಸಿನ ಲೆಕ್ಕಾಚಾರ ಎಂದು ಅವರ ವಾದ. ಕೇಳಲು ಚೆನ್ನಾಗಿದೆ. ಆದರೆ ಗ್ರಂಥಾಲಯ ಎಂದು ಕರೆದಮೇಲೆ ಅಲ್ಲಿರುವ ಗ್ರಂಥವನ್ನು ಓದಬೇಡವೆ? ಈ ಹೊಗಳಿಕೆಯಲ್ಲಿ ಅಜ್ಜಿಗೆ ಸಲ್ಲುವುದು ಪ್ರೀತಿಯ ಬಿರುದು ಮಾತ್ರ, ಬುದ್ಧಿಯ ಬಿರುದಲ್ಲ. ಬೇಳೆ ಎಷ್ಟು ಬೇಯಬೇಕು, ಕಣಕ ಎಷ್ಟು ನೆನೆಯಬೇಕು ಎಂದು ನೂರು ಸಲ ಮಾಡಿ ಕಂಡುಕೊಂಡವಳ ವಿದ್ಯೆಯನ್ನು ‘ಕೈಗುಣ’ ಎಂದು ಕರೆದು ಕೈತೊಳೆದುಕೊಳ್ಳುತ್ತೇವೆ. ವೈದ್ಯರಿಗೂ ಕೈಗುಣವಿದೆ ಎನ್ನುತ್ತೇವೆ, ನಿಜ. ಆದರೆ ಯಾವ ವೈದ್ಯರೂ ಚೀಟಿಯಲ್ಲಿ ‘ಪ್ರೀತಿ, ಬೇಕಾದಷ್ಟು’ ಎಂದು ಬರೆದುಕೊಡುವುದಿಲ್ಲ. ವೀಣೆ ಮಾಡುವವರ ಬಗ್ಗೆ ಬರೆಯುವಾಗ ಹಲಸಿನ ಮರದ ವಯಸ್ಸು ಕೇಳುತ್ತೇವೆ, ಒಬ್ಬಟ್ಟು ಮಾಡುವವಳ ಬಗ್ಗೆ ಬರೆಯುವಾಗ ಅವಳ ಸೆರಗಿನ ಪರಿಮಳ ಕೇಳುತ್ತೇವೆ. ಗಂಡಸಿನ ಲೆಕ್ಕಾಚಾರ ಯಾವುದೆಂದು ಈ ವಿಮರ್ಶಕರೇ ತೀರ್ಮಾನಿಸಲಿ. ನೆನಪಿನ ಆಯ್ಕೆಯೂ ಹೀಗೆಯೇ. ತುಪ್ಪದ ಘಮ ಬರುತ್ತದೆ. ಹೂರಣ ರುಬ್ಬಲು ಒರಳಿನ ಮುಂದೆ ಕೂತವರು ಯಾರು, ಮಡಿಯ ಹೆಸರಿನಲ್ಲಿ ಒಳಗೆ ಬರಬಾರದಿದ್ದವರು ಯಾರು, ಎಲ್ಲರದ್ದೂ ಆದಮೇಲೆ ಎಲೆ ಹಾಕಿಕೊಂಡವರು ಯಾರು ಎಂಬುದು ಬರುವುದಿಲ್ಲ. ಸೀದ ಒಬ್ಬಟ್ಟೂ ಬರುವುದಿಲ್ಲ. ವಿಧಾನದಲ್ಲಿ ಸೋಲಿಗೆ ಜಾಗ ಕೊಡದವರು ನೆನಪಿನಲ್ಲೂ ಕೊಟ್ಟಿಲ್ಲ. ಎರಡೂ ಒಂದೇ ಬರಹದ ಎರಡು ಮಗ್ಗುಲು.

ಪಕ್ಕದ ತಮಿಳಿನಲ್ಲಿ 1951ರಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ ಅವರ ‘ಸಮೈತ್ತುಪ್ಪಾರ್’ ಬಂತು. ಹಿರಿಯರ ಜೊತೆಯಿಲ್ಲದೆ ಸಂಸಾರ ಹೂಡಿದ ಹುಡುಗಿಯರ ಕೈಗೆ ಹೋಗಲೆಂದು ಬರೆದ ಪುಸ್ತಕ. ಎಷ್ಟು, ಯಾವಾಗ, ಯಾವುದರ ನಂತರ ಯಾವುದು ಎಂಬುದಷ್ಟೇ ಅದರ ಕಾಳಜಿ. ಮನೆತನದ ಹೆಮ್ಮೆ ಹಾಡಲು ಅದಕ್ಕೆ ಪುರುಸೊತ್ತಿಲ್ಲ. ಆದರೂ ಮದುವೆಯಾದ ಹೆಣ್ಣುಮಕ್ಕಳ ಕೈಗೆ ತಲೆಮಾರುಗಳ ಕಾಲ ಅದನ್ನು ಕೊಟ್ಟು ಕಳಿಸಿದರು. ಭಾವುಕತೆಯಿಲ್ಲದ ಪುಸ್ತಕವೇ ಕುಟುಂಬದ ನೆನಪಾಯಿತು. ನಮ್ಮಲ್ಲಿ ಅಂಥ ಪುಸ್ತಕವನ್ನು ಸಾಹಿತ್ಯವೆಂದು ಲೆಕ್ಕಕ್ಕೆ ಹಿಡಿಯುವವರು ಕಡಿಮೆ.

ಹದವನ್ನು ಬರೆಯಲು ಬರುವುದಿಲ್ಲ, ಅದು ಕೈಯಿಂದ ಕೈಗೇ ಹೋಗಬೇಕು ಎಂಬ ಆಕ್ಷೇಪ ಉಳಿದಿದೆ. ಇದನ್ನು ಹೇಳುವವರು ಕನ್ನಡವನ್ನೇ ಮರೆತಿದ್ದಾರೆ. ಬೆಲ್ಲದ ಪಾಕಕ್ಕೆ ಎಳೆಪಾಕ, ಉಂಡೆಪಾಕ ಎಂಬ ಹೆಸರುಗಳಿವೆ, ಪ್ರತಿಯೊಂದಕ್ಕೂ ಪರೀಕ್ಷೆಯಿದೆ: ಬೆರಳುಗಳ ನಡುವೆ ಎಳೆ ನಿಲ್ಲಬೇಕು, ನೀರಿಗೆ ಬಿಟ್ಟ ತೊಟ್ಟು ಉಂಡೆ ಕಟ್ಟಬೇಕು, ಇನ್ನೂ ಮುಂದೆ ಹೋದರೆ ಆ ಉಂಡೆ ತಟ್ಟೆಗೆ ಎಸೆದಾಗ ಸದ್ದು ಮಾಡಬೇಕು. ಕಣ್ಣು, ಬೆರಳು, ಕಿವಿ ಮೂರನ್ನೂ ಕೂರಿಸಿಕೊಂಡು ಭಾಷೆ ಇಷ್ಟು ನಿಖರವಾಗಿ ಕಟ್ಟಿಕೊಟ್ಟಿರುವಾಗ ‘ಹದವಾದ ಪಾಕ’ ಎಂದು ಬರೆದರೆ ಅದು ಸೋಮಾರಿತನ. ಜೋಳದ ರೊಟ್ಟಿಯನ್ನೇ ನೋಡಿ. ಜೋಳದಲ್ಲಿ ಗೋಧಿಯ ಅಂಟಿಲ್ಲ. ಕುದಿಯುವ ಎಸರು ಬಿದ್ದು ಹಿಟ್ಟು ಅರೆಬೆಂದಾಗಲೇ ಅದಕ್ಕೆ ಹಿಡಿತ ಬರುವುದು. ಹಿಟ್ಟು ಹಳೆಯದಾದರೆ ಜಿಗಿ ಹೋಯಿತು ಎನ್ನುತ್ತಾರೆ, ಬಡಿಯುವಾಗ ಅಂಚು ಒಡೆಯುತ್ತದೆ. ಹೆಂಚಿಗೆ ಹಾಕಿದೊಡನೆ ಮೇಲೆ ನೀರು ಸವರುತ್ತಾರೆ, ಆ ನೀರು ಆರುತ್ತಿದ್ದಂತೆ ಮಗುಚುತ್ತಾರೆ; ತಡವಾದರೆ ಬಿರುಕು. ಜಿಗಿ ಎಂಬ ಒಂದು ಮಾತಿನಲ್ಲಿ ಹಿಟ್ಟು ಬೀಸಿದ ದಿನವೂ ಹಿಟ್ಟಿನ ಶಕ್ತಿಯೂ ಅಡಗಿವೆ. ರೊಟ್ಟಿಯ ತಾಳಬದ್ಧ ಸಪ್ಪಳದ ಬಗ್ಗೆ ಬರೆಯದವರಿಲ್ಲ, ಜಿಗಿಯ ಬಗ್ಗೆ ಬರೆದವರು ವಿರಳ.

ಒಳ್ಳೆಯದೂ ಇದೆ ಎನ್ನಬೇಕಲ್ಲವೇ. ಮುದ್ರಣಕ್ಕೆ ಬಾರದಿದ್ದ ಎಷ್ಟೋ ತಂಬುಳಿಗಳ, ಸೊಪ್ಪುಗಳ ಹೆಸರುಗಳು ಈ ಬರಹಗಳಿಂದಾಗಿ ಅಚ್ಚಿಗೆ ಬಿದ್ದಿವೆ. ಅಷ್ಟು ಋಣ ಒಪ್ಪುತ್ತೇನೆ. ಇನ್ನು, ವಿಡಿಯೋ ಬಂದಮೇಲೆ ಹದವನ್ನು ಕಣ್ಣಾರೆ ನೋಡಬಹುದು, ಬರಹಕ್ಕೆ ಆ ಹೊರೆ ಯಾಕೆ, ಅದು ನೆನಪನ್ನಷ್ಟೇ ನೋಡಿಕೊಳ್ಳಲಿ ಎನ್ನುವವರಿದ್ದಾರೆ. ವಿಡಿಯೋದಲ್ಲಿ ಕಾಣುವುದು ಕೈಯ ಓಡಾಟ. ಕಣಕದ ಮೆದುತನ ಪರದೆಯ ಮೇಲೆ ಕಾಣುವುದಿಲ್ಲ. ಗಟ್ಟಿ ಕಣಕವೂ ಸಡಿಲ ಕಣಕವೂ ಅಲ್ಲಿ ಒಂದೇ ಹಳದಿ ಮುದ್ದೆ. ಕಿವಿಯ ಹಾಲೆಯಷ್ಟು ಮೆತ್ತಗಿರಲಿ ಎಂದು ಬರೆದರೆ, ಓದಿದವರು ಹಿಟ್ಟಿನ ಕೈಯಲ್ಲೇ ಒಮ್ಮೆ ಕಿವಿ ಮುಟ್ಟಿ ನೋಡಿಕೊಳ್ಳುತ್ತಾರೆ.