ಮೂತ್ರಕಣಗಳ ಎಣಿಕೆ: ಯಂತ್ರವನ್ನು ಅಳೆಯುವ ಗೋಲು ಯಾವುದು?

ಮೂತ್ರದ ಕಣಗಳನ್ನು ಎಣಿಸುವ ಸ್ವಯಂಚಾಲಿತ ಯಂತ್ರವನ್ನು ಸೂಕ್ಷ್ಮದರ್ಶಕದೊಡನೆ ಹೋಲಿಸುವ ಅಧ್ಯಯನಗಳು ಬಹುಮಟ್ಟಿಗೆ ಒಂದೇ ಜಾಡಿನಲ್ಲಿ ಸಾಗುತ್ತವೆ. ಒಂದಷ್ಟು ಮಾದರಿಗಳನ್ನು ಎರಡೂ ವಿಧಾನಗಳಲ್ಲಿ ಪರೀಕ್ಷಿಸಿ, ಸಹಸಂಬಂಧ ಗುಣಾಂಕ 1ಕ್ಕೆ ಸಮೀಪವಿದ್ದರೆ ಯಂತ್ರವು ವಿಶ್ವಾಸಾರ್ಹವೆಂದು ತೀರ್ಮಾನಿಸಲಾಗುತ್ತದೆ. ಈ ತೀರ್ಮಾನ ಒಪ್ಪತಕ್ಕದ್ದಲ್ಲ. ಒಂದು ವಿಧಾನವು ಸದಾ ಇನ್ನೊಂದರ ಎರಡರಷ್ಟು ತೋರಿಸಿದರೂ ಗುಣಾಂಕ 1 ಆಗಿಯೇ ಇರುತ್ತದೆ! ಬ್ಲ್ಯಾಂಡ್ ಮತ್ತು ಆಲ್ಟ್‌ಮನ್ ಇದನ್ನು 1986ರಲ್ಲಿಯೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಎತ್ತಿ ತೋರಿಸಿದ್ದರು.

ಇನ್ನೂ ದೊಡ್ಡ ತೊಡಕು ಅಳತೆಗೋಲಿನದೇ. ರೂಢಿಯ ವಿಧಾನದಲ್ಲಿ ಮೂತ್ರವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಳದ ಗಷ್ಟನ್ನು ಗಾಜಿನ ಮೇಲಿಟ್ಟು 400 ಪಟ್ಟು ವರ್ಧನೆಯಲ್ಲಿ ನೋಡುತ್ತಾರೆ. 'ನಿಮಿಷಕ್ಕೆ 1500 ಸುತ್ತು' ಎಂದಷ್ಟೇ ಬರೆದರೆ ಸಾಲದು. ಅಷ್ಟೇ ವೇಗದಲ್ಲಿ 10 ಸೆಂ.ಮೀ. ತ್ರಿಜ್ಯದ ಯಂತ್ರದಲ್ಲಿ ಗುರುತ್ವದ ಸುಮಾರು 250 ಪಟ್ಟು ಬಲ ಬಿದ್ದರೆ, 16 ಸೆಂ.ಮೀ. ತ್ರಿಜ್ಯದಲ್ಲಿ 400 ಪಟ್ಟು ಬೀಳುತ್ತದೆ. (ಪದವಿ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು.) ಇನ್ನು ನೇತ್ರಕ. ಅದರ ಕ್ಷೇತ್ರಸಂಖ್ಯೆ 18 ಇದ್ದಲ್ಲಿ 40 ಪಟ್ಟಿನ ವಸ್ತುಕದಡಿ ಕಾಣುವ ವೃತ್ತದ ವ್ಯಾಸ 0.45 ಮಿ.ಮೀ.; 22 ಇದ್ದಲ್ಲಿ 0.55 ಮಿ.ಮೀ. ವಿಸ್ತೀರ್ಣ ಒಂದೂವರೆ ಪಟ್ಟಾಗುತ್ತದೆ. ಅದೇ ಗಾಜು, ಅದೇ ಮೂತ್ರ. ಒಂದು ಕಡೆ 'ಕ್ಷೇತ್ರಕ್ಕೆ 4 ಕಣ', ಇನ್ನೊಂದು ಕಡೆ 6. ಹತ್ತು ಕ್ಷೇತ್ರಗಳಲ್ಲಿ ಒಟ್ಟು 40 ಕಣ ಎಣಿಸಿದರೆ ಯಾದೃಚ್ಛಿಕ ಏರುಪೇರೇ ಶೇ. 16ರಷ್ಟಿರುತ್ತದೆ. ಇಂಥ ಗೋಲಿನಿಂದ ಯಂತ್ರವನ್ನು ಅಳೆದು, ವ್ಯತ್ಯಾಸವನ್ನೆಲ್ಲ ಯಂತ್ರದ ತಲೆಗೆ ಕಟ್ಟುವುದು ನ್ಯಾಯವಲ್ಲ. 2000ದ ಯೂರೋಪಿನ ಮಾರ್ಗಸೂಚಿಯು ಸೆಂಟ್ರಿಫ್ಯೂಜಿಗೆ ಹಾಕದ ಮೂತ್ರವನ್ನು ಎಣಿಕೆ ಕೋಣೆಯಲ್ಲಿಟ್ಟು ಪ್ರಾವಸ್ಥಾವ್ಯತ್ಯಾಸ ಸೂಕ್ಷ್ಮದರ್ಶಕದಿಂದ ನೋಡುವುದನ್ನೇ ಆಧಾರ ವಿಧಾನವಾಗಿ ಇಟ್ಟುಕೊಂಡಿತು. ಹೋಲಿಕೆ ನಡೆಯಬೇಕಾದದ್ದು ಅದರೊಡನೆ.

ಎಣಿಕೆಯಲ್ಲಿ ಯಂತ್ರದ ಮೇಲುಗೈಯನ್ನು ಒಪ್ಪೋಣ. ಲೇಸರ್ ಕಿರಣದ ಮುಂದೆ ಹರಿಸುವುದಿರಲಿ, ಕ್ಯಾಮೆರಾದಿಂದ ನೂರಾರು ಚಿತ್ರ ತೆಗೆಯುವುದಿರಲಿ, ಅದು ದಣಿಯುವುದಿಲ್ಲ. ಗುರುತಿಸುವ ಮಾತು ಬೇರೆ. ಯೀಸ್ಟನ್ನೂ ಕೆಲವು ಆಕ್ಸಲೇಟ್ ಹರಳುಗಳನ್ನೂ ಅದು ಕೆಂಪು ರಕ್ತಕಣವೆಂದು ಭಾವಿಸುವುದುಂಟು. ಮೂತ್ರಪಿಂಡದ ನಾಳಗಳಲ್ಲಿ ಎರಕಗೊಂಡು ಬರುವ ಕ್ಯಾಸ್ಟ್‌ಗಳ ವಿಷಯದಲ್ಲಿ ಯಂತ್ರದ ವರದಿಯನ್ನು ಕಣ್ಣು ದೃಢಪಡಿಸಲೇಬೇಕು. ಪಾರದರ್ಶಕ ಕ್ಯಾಸ್ಟ್‌ನ ವಕ್ರೀಭವನಾಂಕ ಮೂತ್ರದ್ದಕ್ಕೆ ಬಹಳ ಸಮೀಪ. ಬೆಳಕು ತಗ್ಗಿಸದೆ ನೋಡಿದರೆ ಕಣ್ಣಿಗೂ ಅದು ತಪ್ಪಿಹೋಗುತ್ತದೆ. ರಕ್ತಕಣಗಳಿಂದ ಕೂಡಿದ ಕ್ಯಾಸ್ಟ್ ಮೂತ್ರಪಿಂಡದ ಉರಿಯೂತದ ಸುಳಿವು. ಅದು ತಪ್ಪಿದರೆ ರೋಗಿಗೆ ನಷ್ಟ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಅಂಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಮಲಾಪುರದಲ್ಲಿ ಸಂಗ್ರಹಿಸಿದ ಮಾದರಿಯನ್ನು ಕಲಬುರಗಿ ನಗರದ ಯಂತ್ರಕ್ಕೆ ಒಯ್ಯಬೇಕಾದರೆ ಹುಮನಾಬಾದ್ ರಸ್ತೆಯಲ್ಲಿ ಮೂವತ್ತೈದು–ನಲವತ್ತು ಕಿ.ಮೀ. ಕ್ರಮಿಸಬೇಕು. ಮೇ ತಿಂಗಳಲ್ಲಿ ಇಲ್ಲಿನ ಉಷ್ಣತೆ 40 ಡಿಗ್ರಿ ದಾಟುತ್ತದೆ. ಕೋಣೆಯ ಉಷ್ಣತೆಯಲ್ಲಿಯೇ ಎರಡು ಗಂಟೆಯೊಳಗೆ ಪರೀಕ್ಷೆ ಮುಗಿಯಬೇಕೆಂಬುದು ನಿಯಮ. ತಡವಾದರೆ, ಅದರಲ್ಲೂ ತೆಳುವಾದ ಅಥವಾ ಕ್ಷಾರೀಯ ಮೂತ್ರದಲ್ಲಿ, ಕಣಗಳೂ ಕ್ಯಾಸ್ಟ್‌ಗಳೂ ಕರಗುತ್ತವೆ, ಬ್ಯಾಕ್ಟೀರಿಯಾ ಹೆಚ್ಚುತ್ತವೆ. ತಂಪಿನಲ್ಲಿಟ್ಟರೆ ಇದು ನಿಧಾನವಾಗುತ್ತದೆ, ಆದರೆ ಹರಳುಗಳು ಒತ್ತರಿಸಿ ಬರುತ್ತವೆ. ಹೀಗಾಗಿ ಊರಲ್ಲೇ ಅರ್ಧ ಗಂಟೆಯೊಳಗೆ ನುರಿತ ತಂತ್ರಜ್ಞರು ನೋಡಿದ ಗಾಜು, ನಾಲ್ಕು ಗಂಟೆಯ ನಂತರ ನಗರದ ಯಂತ್ರ ಕೊಟ್ಟ ಅಂಕಿಗಿಂತ ಸತ್ಯಕ್ಕೆ ಹತ್ತಿರವಿರಬಹುದು. ಹೋಲಿಕೆಯ ಕೋಷ್ಟಕಗಳಲ್ಲಿ ಮೂತ್ರ ಸಂಗ್ರಹಿಸಿದ ಹೊತ್ತು ಮತ್ತು ಪರೀಕ್ಷಿಸಿದ ಹೊತ್ತು, ಈ ಎರಡಕ್ಕೂ ಒಂದೊಂದು ಕಂಬಸಾಲು ಇರಬೇಕು.