ಜಾಡಿಯೊಳಗಿನ ಕಲ್ಲು ಮತ್ತು ಕೆಲಸದ ವೇಳೆ

ಅರಳಗುಪ್ಪೆ ಎಂದೊಡನೆ ಹೊರಗಿನವರಿಗೆ ಕಲ್ಲೇಶ್ವರ ದೇವಾಲಯದ ಒಳಛಾವಣಿಯಲ್ಲಿ ಕುಣಿಯುತ್ತಿರುವ ಶಿವ ನೆನಪಾಗಬಹುದು. ಊರಿನವರಿಗೆ ಮೊದಲು ನೆನಪಾಗುವುದು ತೆಂಗು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ಸೀಮೆಯಲ್ಲಿ ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ, ಎಂಟು ಹತ್ತು ತಿಂಗಳು ಕಾದು ಉಂಡೆ ಕೊಬ್ಬರಿ ಮಾಡುತ್ತಾರೆ. ತಿರುಳು ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಸದ್ದಾಗುವವರೆಗೆ ಯಾರ ಅವಸರವೂ ನಡೆಯದು. ಇದೇ ಸೀಮೆಯಲ್ಲಿ ತೆಂಗಿನ ಪೌಡರ್ ಕಾರ್ಖಾನೆಗಳೂ ಇವೆ. ಅಲ್ಲಿನ ಲೆಕ್ಕ ಗಂಟೆ ನಿಮಿಷಗಳದ್ದು, ಏಕೆಂದರೆ ಒಡೆದ ಹಸಿ ತಿರುಳು ಬೇಗನೆ ಹುಳಿಯತೊಡಗುತ್ತದೆ.

ಅಂಥ ಒಂದು ಕಾರ್ಖಾನೆಯಲ್ಲಿ ಕಳೆದ ವರ್ಷ ಕೆಲಸಗಾರರಿಗಾಗಿ ‘ಸಮಯ ನಿರ್ವಹಣೆ’ ತರಬೇತಿ ಏರ್ಪಟ್ಟಿತ್ತು. ಊರಿನವನೆಂಬ ಕಾರಣಕ್ಕೆ ನನ್ನನ್ನೂ ಕರೆದಿದ್ದರು. ತರಬೇತುದಾರರು ಗಾಜಿನ ಜಾಡಿಯೊಂದನ್ನು ಮೇಜಿನ ಮೇಲಿಟ್ಟು ದಪ್ಪ ಕಲ್ಲುಗಳನ್ನು ತುಂಬಿದರು. ‘ತುಂಬಿತೇ?’ ಎಂದರು. ‘ತುಂಬಿತು’ ಎಂದರು ಎಲ್ಲರೂ. ಆಮೇಲೆ ಜಲ್ಲಿ ಸುರಿದರು, ಅದೂ ಹಿಡಿಸಿತು. ಮರಳು, ಅದೂ ಹಿಡಿಸಿತು. ಕೊನೆಗೆ ನೀರು. ಮರಳನ್ನೇ ಮೊದಲು ತುಂಬಿದ್ದರೆ ಕಲ್ಲಿಗೆ ಜಾಗವಿರುತ್ತಿರಲಿಲ್ಲ, ಆದ್ದರಿಂದ ಮುಖ್ಯ ಕೆಲಸಗಳಿಗೆ ಮೊದಲ ಸ್ಥಾನ ಕೊಡಿ, ಎಂಬುದು ಪಾಠ. ಚಪ್ಪಾಳೆ ಬಿತ್ತು. ಹೆರೆಯುವ ಮೇಜಿನಲ್ಲಿ ಕೆಲಸ ಮಾಡುವ ಹೆಂಗಸರು ಸುಮ್ಮನೆ ನೋಡುತ್ತಿದ್ದರು. ದಿನದ ಗುರಿ ಮುಟ್ಟುತ್ತಿಲ್ಲ ಎಂಬ ದೂರು ಇದ್ದದ್ದು ಅವರ ಮೇಲೆ.

ಅಮೆರಿಕದ ಸ್ಟೀಫನ್ ಕೋವೆ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ‘ಫಸ್ಟ್ ಥಿಂಗ್ಸ್ ಫಸ್ಟ್’ ಎಂಬ ಪುಸ್ತಕದಿಂದ ಜನಪ್ರಿಯವಾದ ಆಟ ಇದು. ನಾನೂ ಅಧ್ಯಾಪಕರ ಶಿಬಿರಗಳಲ್ಲಿ ಇದನ್ನು ಆಡಿಸಿದವನೇ. ಅದರಲ್ಲಿರುವ ಭೌತವಿಜ್ಞಾನದ ತಪ್ಪು ಕಣ್ಣಿಗೆ ಬೀಳಲು ನನಗೆ ಹಲವು ವರ್ಷಗಳೇ ಬೇಕಾದವು ಎಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ.

ಒಂದೇ ಗಾತ್ರದ ಗುಂಡುಗಳನ್ನು ಪಾತ್ರೆಯಲ್ಲಿ ಹೇಗೆಂದರೆ ಹಾಗೆ ಸುರಿದು ಚೆನ್ನಾಗಿ ಕುಲುಕಿದರೂ ಅವು ಆಕ್ರಮಿಸುವುದು ಸುಮಾರು ಶೇಕಡ 64 ಭಾಗವನ್ನು ಮಾತ್ರ. ಉಳಿದ ಮೂರನೆಯ ಒಂದಕ್ಕಿಂತ ಹೆಚ್ಚು ಭಾಗ ಬರಿದು. ಜಲ್ಲಿ, ಮರಳು ಹೋಗಿ ಸೇರುವುದು ಅಲ್ಲಿಗೆ. ಆದರೆ ಈ ಬರಿದು ಜಾಗ ಮೂರು ಆಯಾಮಗಳ ಲೋಕದ ಗುಣ. ಕಾಲಕ್ಕೆ ಇರುವುದು ಒಂದೇ ಆಯಾಮ. ದಾರದ ಮೇಲೆ ಕಡ್ಡಿಗಳನ್ನು ತುದಿಗೆ ತುದಿ ತಾಗಿಸಿ ಜೋಡಿಸಿ ನೋಡಿ: ನಡುವೆ ಸಂದು ಇರುವುದಿಲ್ಲ, ಯಾವ ಕಡ್ಡಿ ಮೊದಲು ಬಂದರೂ ಒಟ್ಟು ಉದ್ದ ಬದಲಾಗುವುದಿಲ್ಲ. ಆರು, ಎರಡು, ಒಂದು ಗಂಟೆಗಳ ಕೆಲಸಗಳು ಯಾವ ಕ್ರಮದಲ್ಲಿ ಮಾಡಿದರೂ ಒಂಬತ್ತು ಗಂಟೆಯನ್ನೇ ಬೇಡುತ್ತವೆ.

ಕ್ರಮ ಬದಲಾಯಿಸಿದರೆ ಬದಲಾಗುವುದು ಕಾಯುವಿಕೆ. ದೊಡ್ಡದನ್ನು ಮೊದಲು ಮಾಡಿದರೆ ಮೂರು ಕೆಲಸಗಳು ಮುಗಿಯುವುದು 6, 8, 9ನೆಯ ಗಂಟೆಗಳಲ್ಲಿ, ಸರಾಸರಿ 7.67. ಚಿಕ್ಕದನ್ನು ಮೊದಲು ಮಾಡಿದರೆ 1, 3, 9ರಲ್ಲಿ, ಸರಾಸರಿ 4.33. ಜಾಡಿ ಹೇಳುವುದಕ್ಕೆ ಇದು ತೀರಾ ವಿರುದ್ಧ! ‘ಕಲ್ಲು ಎಂದರೆ ದೀರ್ಘವಾದ ಕೆಲಸವಲ್ಲ, ಮುಖ್ಯವಾದ ಕೆಲಸ’ ಎಂದು ಆಕ್ಷೇಪಿಸಬಹುದು. ಒಪ್ಪೋಣ. ಆದರೆ ಜಾಡಿಯಲ್ಲಿ ಮುಖ್ಯವಾದದ್ದೂ ದಪ್ಪನೆಯದೂ ಒಂದೇ ಆಗಿಬಿಟ್ಟಿದೆ. ಮಹತ್ವವನ್ನು ಬೇಕಾಗುವ ವೇಳೆಯಿಂದ ಭಾಗಿಸಿ, ಆ ಭಾಗಲಬ್ಧ ಹೆಚ್ಚಿರುವ ಕೆಲಸವನ್ನು ಮೊದಲು ಮಾಡಬೇಕೆಂದು ಡಬ್ಲ್ಯು. ಇ. ಸ್ಮಿತ್ 1956ರಲ್ಲಿಯೇ ತೋರಿಸಿದ್ದರು. ಹೆರೆಯುವ ಮೇಜಿನಲ್ಲಿ ಕುಳಿತವರಿಗಂತೂ ಎರಡೂ ಉಪದೇಶಗಳು ನಿರುಪಯುಕ್ತ. ಅವರಿಗೆ ಇರುವುದು ಒಂದೇ ಕೆಲಸ, ಆಯ್ಕೆಗೆ ಅಲ್ಲಿ ಜಾಗವೇ ಇಲ್ಲ.

ಹಾಗೆಂದು ತರಬೇತಿಯ ಆಟಗಳನ್ನೆಲ್ಲ ತಳ್ಳಿಹಾಕಲಾಗದು. ನಮ್ಮ ದೇಶದಲ್ಲಿ ಅವಕ್ಕೆ ಗೌರವದ ಇತಿಹಾಸವಿದೆ. ಡೇವಿಡ್ ಮೆಕ್ಲೆಲಂಡ್ 1964ರಲ್ಲಿ ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಯ ಮೂಲಕ ಕಾಕಿನಾಡದ ವ್ಯಾಪಾರಸ್ಥರಿಗೆ ಸಾಧನೆಯ ಪ್ರೇರಣೆ ಕುರಿತು ತರಬೇತಿ ಕೊಡಿಸಿದರು. ಗೂಟಕ್ಕೆ ಬಳೆ ಎಸೆಯುವ ಆಟ ಪ್ರಸಿದ್ಧವಾದದ್ದು ಅವರ ಕೆಲಸದಿಂದ. ಆಟಗಾರ ತೀರ ಹತ್ತಿರ ನಿಲ್ಲುತ್ತಾನೋ, ತೀರ ದೂರವೋ, ತನ್ನ ಶಕ್ತಿಗೆ ತಕ್ಕ ನಡುವಿನ ಜಾಗದಲ್ಲೋ ಎಂಬುದನ್ನು ಅದು ಬಯಲು ಮಾಡುತ್ತದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯೂ ಅದರ ಮಾದರಿಯಲ್ಲಿ ದೇಶದಲ್ಲೆಲ್ಲ ಹುಟ್ಟಿದ ಸಂಸ್ಥೆಗಳೂ ಗ್ರಾಮೀಣ ಯುವಜನರಿಗೆ ಸ್ವಉದ್ಯೋಗ ಕಲಿಸುತ್ತಿವೆ. ಇಂಥ ಉದ್ಯಮಶೀಲತಾ ತರಬೇತಿಗಳಲ್ಲಿ ಕಾಗದದ ದೋಣಿ ಮಾಡಿಸುವ ಆಟವೊಂದಿದೆ. ಕೊಟ್ಟ ವೇಳೆಯಲ್ಲಿ ಎಷ್ಟು ದೋಣಿ ಮಾಡಬಲ್ಲೆ ಎಂದು ಮೊದಲೇ ಹೇಳಬೇಕು, ಆಮೇಲೆ ಮಾಡಿ ತೋರಿಸಬೇಕು.

ನನಗೆ ದೋಣಿಯಾಟ ಮೆಚ್ಚುಗೆಯಾಗುವುದು ಅದರಲ್ಲಿ ಅಂದಾಜು ಮತ್ತು ಅಳತೆ ಎರಡೂ ಇರುವುದರಿಂದ. ಸ್ವಂತ ಕೆಲಸದ ವೇಳೆಯನ್ನು ಮನುಷ್ಯ ಕಡಿಮೆ ಅಂದಾಜು ಮಾಡುತ್ತಾನೆ. ಕೆನಡಾದ ಬ್ಯೂಹ್ಲರ್ ಮತ್ತು ಸಹೋದ್ಯೋಗಿಗಳು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕು ಎಂದಿದ್ದ ವಿದ್ಯಾರ್ಥಿಗಳು ತೆಗೆದುಕೊಂಡದ್ದು 55 ದಿನಕ್ಕೂ ಹೆಚ್ಚು. (ನನ್ನ ಸಂಶೋಧನಾ ವಿದ್ಯಾರ್ಥಿಗಳನ್ನು ನೋಡಿದರೆ ಈ ಅಂಕಿ ಉದಾರವಾಗಿಯೇ ಇದೆ.) ದೋಣಿಯನ್ನು ಒಂದು ಸಲ ಮಾಡಿಸಿ ನಕ್ಕು ಬಿಟ್ಟರೆ ಏನೂ ಉಳಿಯದು. ನಾಲ್ಕೈದು ಸಲ ಅಂದಾಜಿಸಿ, ಎಣಿಸಿ, ಬರೆದಿಟ್ಟರೆ ಅದು ಪ್ರಯೋಗವಾಗುತ್ತದೆ.

ಆಟದ ಮೂಲಕ ಕಲಿಕೆಯನ್ನು ಅಳೆದವರೂ ಇದ್ದಾರೆ. ಕಂಪ್ಯೂಟರ್ ಅನುಕರಣ ಆಟಗಳ ಬಗ್ಗೆ ಟ್ರೇಸಿ ಸಿಟ್ಜ್‌ಮನ್ 2011ರಲ್ಲಿ 65 ತಂಡಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದರು. ಆಟ ಆಡಿದವರಲ್ಲಿ ವಿಷಯಜ್ಞಾನ ಉಳಿದವರಿಗಿಂತ ಶೇಕಡ 11, ಕೆಲಸದ ವಿಧಾನದ ಜ್ಞಾನ ಶೇಕಡ 14 ಹೆಚ್ಚಿತ್ತು. ತಮಗೆ ಬರುತ್ತದೆ ಎಂಬ ಆತ್ಮವಿಶ್ವಾಸ ಮಾತ್ರ ಶೇಕಡ 20 ಹೆಚ್ಚು. ಕಲಿತದ್ದಕ್ಕಿಂತ ಕಲಿತೆವೆಂಬ ನಂಬಿಕೆ ಮುಂದೆ ಓಡಿದೆ! ಅಷ್ಟೇ ಅಲ್ಲ, ಹೋಲಿಕೆಯ ಗುಂಪಿಗೆ ಬರೀ ಭಾಷಣದ ಬದಲು ಕೈಯಿಂದ ಮಾಡಿ ಕಲಿಯುವ ಪಾಠ ಕೊಟ್ಟಿದ್ದಲ್ಲಿ ಆಟವಾಡಿದವರೇ ಹಿಂದೆ ಬಿದ್ದಿದ್ದರು. ಸಮಯ ನಿರ್ವಹಣೆ ಕುರಿತ 158 ಅಧ್ಯಯನಗಳ 2021ರ ವಿಶ್ಲೇಷಣೆಯೂ ಎಚ್ಚರಿಕೆಯಿಂದ ಮಾತಾಡುತ್ತದೆ. ಸಮಯ ನಿರ್ವಹಣೆಯ ಪರಿಣಾಮ ಕೆಲಸದ ಗುಣಕ್ಕಿಂತ ಬದುಕಿನ ನೆಮ್ಮದಿಯ ಮೇಲೆ ಹೆಚ್ಚು ಕಂಡಿದೆ. ನೆಮ್ಮದಿಯೂ ಬೇಕಾದದ್ದೇ, ಆದರೆ ಮಾಲೀಕರು ಹಣ ಕೊಟ್ಟದ್ದು ಅದಕ್ಕಾಗಿ ಅಲ್ಲ.

ಕಾರ್ಖಾನೆಗೆ ಮರಳೋಣ. ಅಲ್ಲಿ ಕರಟ ಬಿಡಿಸುವುದು, ಕಂದು ಸಿಪ್ಪೆ ಹೆರೆಯುವುದು, ತೊಳೆಯುವುದು, ತುರಿಯುವುದು, ಒಣಗಿಸುವುದು ಒಂದರ ಹಿಂದೆ ಒಂದು ನಡೆಯಬೇಕು. ಇಂಥ ಸಾಲಿಗೆ ಹೊಂದುವ ಆಟವನ್ನು ಎಲಿಯಾಹು ಗೋಲ್ಡ್‌ರಾಟ್ 1984ರ ‘ದಿ ಗೋಲ್’ ಕಾದಂಬರಿಯಲ್ಲಿ ದಾಳ ಮತ್ತು ಬೆಂಕಿಕಡ್ಡಿಗಳಿಂದ ವಿವರಿಸಿದ್ದಾರೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾವು ಅದನ್ನು ಚೌಕಾಬಾರದ ಹುಣಸೆ ಬೀಜಗಳಿಂದ ಆಡಿದೆವು. ಒಂದು ಮಗ್ಗುಲು ಉಜ್ಜಿದ ನಾಲ್ಕು ಬೀಜಗಳು. ಒಂದು, ಎರಡು, ಮೂರು, ಚೌಕ ಎಂದರೆ ನಾಲ್ಕು, ಬಾರ ಎಂದರೆ ಎಂಟು. ಬೀಜ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ 16 ಸಾಧ್ಯತೆಗಳ ಒಟ್ಟು 40, ಅಂದರೆ ಒಂದು ಎಸೆತಕ್ಕೆ ಸರಾಸರಿ 2.5.

ಐವರು ಸಾಲಾಗಿ ಕುಳಿತರು. ಮೊದಲನೆಯವರು ತಮಗೆ ಬಿದ್ದಷ್ಟು ಕಡಲೆಕಾಯಿಗಳನ್ನು ಪಕ್ಕಕ್ಕೆ ದಾಟಿಸಬೇಕು. ಮುಂದಿನವರು ತಮಗೆ ಬಿದ್ದಷ್ಟನ್ನು ದಾಟಿಸಬಹುದು, ಆದರೆ ತಮ್ಮ ಮುಂದೆ ಇರುವುದಕ್ಕಿಂತ ಹೆಚ್ಚಲ್ಲ. 20 ಸುತ್ತಿಗೆ 50 ಕಾಯಿ ಹೊರಬರಬೇಕೆಂದು ಮೇಲ್ವಿಚಾರಕರು ಲೆಕ್ಕ ಹಾಕಿದರು. ಎರಡು ಸಲ ಆಡಿದೆವು, ಎರಡು ಸಲವೂ 35 ಮುಟ್ಟಲಿಲ್ಲ. ಉಳಿದ ಕಾಯಿಗಳು ಅಲ್ಲಲ್ಲಿ ರಾಶಿಯಾಗಿ ಬಿದ್ದಿದ್ದವು. ಸಾಲಿನ ನಡುವೆ ದಾಸ್ತಾನೇ ಇಡಬಾರದು ಎಂದರೆ ಗತಿ ಇನ್ನೂ ಕೆಡುತ್ತದೆ. ಆಗ ಪ್ರತಿ ಸುತ್ತಿನಲ್ಲಿ ಹೊರಬರುವುದು ಐದು ಎಸೆತಗಳಲ್ಲಿ ಅತಿ ಕಡಿಮೆ ಬಿದ್ದದ್ದು ಮಾತ್ರ, ಅದರ ಸರಾಸರಿ ಸುಮಾರು 1.24. ಐವರಲ್ಲಿ ಯಾರೂ ಸೋಮಾರಿಗಳಲ್ಲ, ಯಾರ ಸರಾಸರಿಯೂ 2.5ಕ್ಕೆ ಕಡಿಮೆಯಿಲ್ಲ. ಆದರೂ ಸಾಲು ಅರ್ಧದಷ್ಟೇ ಕೊಡುತ್ತದೆ. ಒಬ್ಬರ ಏರು ಮುಂದಿನವರಿಗೆ ದಾಟುವುದಿಲ್ಲ, ಇಳಿತ ಮಾತ್ರ ದಾಟುತ್ತದೆ.

ಮೂರನೆಯ ಜಾಗದಲ್ಲಿ ಕುಳಿತಿದ್ದ ಹೆಂಗಸು, ‘ನೋಡಿ ಮೇಷ್ಟ್ರೇ, ನಂಗೆ ಬಾರ ಬಿತ್ತು, ಮುಂದೆ ಇದ್ದಿದ್ದು ಒಂದೇ ಕಾಯಿ. ದಿನಾ ಆಗೋದೂ ಇದೇಯ’ ಎಂದರು. ಆಮೇಲೆ ಲಾರಿ ಬರುವ ಹೊತ್ತು, ಕರೆಂಟು ಹೋಗುವ ಹೊತ್ತು ಎಲ್ಲ ಹೊರಬಂತು. ಬೆಳಗ್ಗೆ ಜಾಡಿಯ ಮುಂದೆ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಮೇಲ್ವಿಚಾರಕರು ಒಂದು ಪರಿಹಾರ ಸೂಚಿಸಿದರು: ಹೆರೆಯುವ ಮೇಜಿನ ಹಿಂದೆ ಸದಾ ಅರ್ಧ ಗಂಟೆಯ ಕೆಲಸಕ್ಕಾಗುವಷ್ಟು ಕರಟ ಬಿಡಿಸಿದ ಕಾಯಿ ಇಡುವುದು. ಕಡಲೆಕಾಯಿ ಆಟದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ನಿಜವಾದ ತಿರುಳು ಕಾಯುತ್ತ ಕುಳಿತರೆ ಕೆಡುತ್ತದೆ, ಆದ್ದರಿಂದ ದಾಸ್ತಾನು ಒಡೆಯದ ಕಾಯಿಯ ಹಂತದಲ್ಲೇ ಹೆಚ್ಚಿರಬೇಕು, ಕರಟ ಬಿಡಿಸುವ ಕೈಗಳೂ ಹೆಚ್ಚಬೇಕು. ನಮ್ಮ ಆಟ ಇದನ್ನು ತೋರಿಸಲಿಲ್ಲ. ಮೂರು ಸುತ್ತು ಕಾದ ಕಾಯಿಯನ್ನು ಎತ್ತಿ ಹೊರಹಾಕಬೇಕೆಂಬ ನಿಯಮ ಸೇರಿಸಿದರೆ ತೋರಿಸೀತು ಎಂದು ಆ ಹೆಂಗಸೇ ಹೇಳಿದರು. ಅಷ್ಟರಲ್ಲಿ ಊಟದ ಬಿಡುವು ಮುಗಿದಿತ್ತು.