ಪೊನ್ನಿಯಿನ್ ಸೆಲ್ವನ್: ಪುಸ್ತಕದ ಹೂಗಾರ, ಸಿನಿಮಾದ ಹೂಗಾರ

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಅದೂ ಕನ್ನಡ ಶಾಲೆ. ತಮಿಳು ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು, ಹೊಸೂರಿನ ಹೂವಿನ ಮಂಡಿಯಲ್ಲಿ ಕೊಡೋ ಚೀಟಿ ನೋಡಿಕೊಂಡು. ಅಂಥವನು ಕಲ್ಕಿಯವರ 'ಪೊನ್ನಿಯಿನ್ ಸೆಲ್ವನ್' ಐದು ಭಾಗವನ್ನೂ ಓದಿದೆ ಅಂದರೆ ಮೇಷ್ಟ್ರುಗಳು ನಗಬಹುದು. ಎರಡು ಬೇಸಗೆ ಹಿಡೀತು. ತಿಳಿಯದ ಮಾತು ಬಂದರೆ ಮೊಮ್ಮಗಳನ್ನು ಕೇಳ್ತಿದ್ದೆ. ಆಮೇಲೆ ಮಣಿರತ್ನಂ ಅವರ ಸಿನಿಮಾ ಬಂತು, 2022ರಲ್ಲಿ ಒಂದು, 2023ರಲ್ಲಿ ಇನ್ನೊಂದು. ಎರಡನ್ನೂ ನೋಡಿದೆ. ಅವತ್ತಿಂದ ಮೊಮ್ಮಗಳಿಗೂ ನನಗೂ ತಕರಾರು. ಅವಳಿಗೆ ಸಿನಿಮಾನೇ ಸರಿ. "ತಾತ, ನಿನ್ನ ಪುಸ್ತಕ ಬಲು ಉದ್ದ" ಅಂತಾಳೆ.

ಉದ್ದ ಹೌದು. 1950ರ ಅಕ್ಟೋಬರಿನಿಂದ 1954ರ ಮೇ ತನಕ ವಾರವಾರ 'ಕಲ್ಕಿ' ಪತ್ರಿಕೆಯಲ್ಲಿ ಬಂದ ಕತೆ ಅದು. ಸಿನಿಮಾ ಎರಡೂ ಸೇರಿ ಐದೂವರೆ ಗಂಟೆ. ಎಂ.ಜಿ.ಆರ್. ಕೂಡ ಈ ಕತೆ ತೆಗೀಬೇಕು ಅಂತ ಹೊರಟು ಕೈಬಿಟ್ಟರು. ಕತೆ ಗೊತ್ತಿಲ್ಲದವರಿಗೆ ಇಷ್ಟು ಹೇಳ್ತೀನಿ. ಚೋಳರ ದೊರೆ ಹಾಸಿಗೆ ಹಿಡಿದಿದ್ದಾನೆ. ಆಕಾಶದಲ್ಲಿ ಬಾಲಚುಕ್ಕಿ ಕಾಣ್ತಿದೆ, ರಾಜವಂಶಕ್ಕೆ ಕೇಡು ಅಂತ ಜನ ಹೆದರಿದ್ದಾರೆ. ಮುಂದಿನ ದೊರೆ ಯಾರು ಅಂತ ಒಳಗೊಳಗೇ ಪಿತೂರಿ. ವಂದಿಯದೇವನ್ ಅನ್ನೋ ವಾಯಾಡಿ ಹುಡುಗ ಓಲೆ ಹೊತ್ತುಕೊಂಡು ಕುದುರೆ ಮೇಲೆ ಹೊರಡ್ತಾನೆ, ಹೋದಕಡೆಯೆಲ್ಲ ಸಿಕ್ಕಿಹಾಕ್ಕೋತಾನೆ.

ಪೊನ್ನಿ ಅಂದರೆ ನಮ್ಮ ಕಾವೇರಿ. ಕೆಲವರು ಪೊನ್ನೈಯಾರು ಅಂದುಕೊಂಡಿದ್ದಾರೆ, ಅಲ್ಲ. ಕೆಲವರಪಳ್ಳಿ ಡ್ಯಾಮಿನದು ದಕ್ಷಿಣ ಪಿನಾಕಿನಿ. ಇದು ಬಿಳಿಗುಂಡ್ಲು ದಾಟಿ ಹೊಗೇನಕಲ್ಲಿನಲ್ಲಿ ಧುಮುಕೋ ಹೊಳೆ. ರಾಜಕುಮಾರ ಅರುಳ್ಮೊಳಿ ಮಗುವಾಗಿದ್ದಾಗ ಇದರಲ್ಲಿ ಬೀಳ್ತಾನೆ, ಯಾರೋ ಹೆಣ್ಣುಮಗಳು ಎತ್ತಿ ಕೊಡ್ತಾಳೆ. ಕಾವೇರಿ ತಾಯಿಯೇ ಎತ್ತಿದಳು ಅಂತ ಜನ ಅವನನ್ನು ಪೊನ್ನಿಯ ಮಗ ಅಂದರು. ನೀರಿನ ಜಗಳಕ್ಕೆ ಬಸ್ಸು ನಿಂತಾಗಲೆಲ್ಲ ಗಡಿಯ ನಮಗೆ ಆ ಕಡೆಯವರದೂ ಮಾತು, ಈ ಕಡೆಯವರದೂ ಮಾತು. ಪುಸ್ತಕದಲ್ಲಿ ಅವಳು ಬರೀ ತಾಯಿ. ಓದ್ತಾ ನನಗೆ ಕಣ್ಣು ತುಂಬಿತು.

ಕಲ್ಕಿ ಕತೆ ಎತ್ತೋದೇ ನೀರಿನಿಂದ. ಆಡಿ ಹದಿನೆಂಟು. ಹೊಸ ನೀರು ಬಂದು ವೀರನಾರಾಯಣ ಕೆರೆ ತುಂಬಿದೆ, ಎಪ್ಪತ್ತನಾಲ್ಕು ತೂಬಿನಲ್ಲಿ ನೀರು ಹರೀತಿದೆ, ಹೆಂಗಸರು ಮಕ್ಕಳು ಬುತ್ತಿ ಕಟ್ಟಿಕೊಂಡು ಏರಿ ಮೇಲೆ ಬಂದಿದ್ದಾರೆ. ವಂದಿಯದೇವನ್ ಕುದುರೆ ನಿಲ್ಲಿಸಿ ಬಾಯಿಬಿಟ್ಟುಕೊಂಡು ನೋಡ್ತಾನೆ. ಬೇಸಾಯದವನಿಗೆ ಅಲ್ಲಿಗೇ ಕತೆ ಹಿಡೀತು. ಸಿನಿಮಾದಲ್ಲಿ ಮೊದಲು ಯುದ್ಧ, ಆನೆ, ಕುದುರೆ, ಬೆಂಕಿ. ಹೊಳೆ ಆಮೇಲೆ ಹಾಡಿನಲ್ಲಿ ಬರುತ್ತೆ. ಹಾಡು ಚೆನ್ನಾಗಿದೆ, ಆದರೆ ಕುದುರೆ ಓಡ್ತಾನೇ ಇದೆ. ತೂಬು ಎಷ್ಟು ಅಂತ ಎಣಿಸೋಕೆ ಬಿಡುವಿಲ್ಲ.

ಹಾಗಂತ ಸಿನಿಮಾನ ನಾನು ತೆಗಳೋಕೆ ಕೂತಿಲ್ಲ. ಕಡಂಬೂರು ಅರಮನೆಯಲ್ಲಿ ದೇವರಾಳನ ಕುಣಿತ ಬರುತ್ತಲ್ಲ, ಮೈಮೇಲೆ ಬರೋದು, ಅದು ಪುಸ್ತಕಕ್ಕಿಂತ ಒಂದು ಕೈ ಮೇಲು. ಕಾಗದದ ಮೇಲೆ ತಮಟೆ ಕೇಳಿಸಲ್ಲ. ಆ ಬಡಿತಕ್ಕೆ ಥಿಯೇಟರಿನಲ್ಲಿ ನನ್ನ ಕಾಲು ತಾನಾಗಿ ಕುಟ್ಟಿತು. ನಂದಿನಿಯೂ ಆದಿತ್ಯ ಕರಿಕಾಲನೂ ಕೊನೆಗೆ ಎದುರುಬದುರು ನಿಲ್ಲೋ ಜಾಗವೂ ಹಾಗೇ. ಕಲ್ಕಿ ಅಲ್ಲಿ ದೀಪ ಆರಿಸಿ, ಕೊಂದವರು ಯಾರು ಅಂತ ಪುಟಗಟ್ಟಲೆ ಆಡಿಸ್ತಾರೆ. ಸಿನಿಮಾದಲ್ಲಿ ಇಬ್ಬರ ಮುಖ ಸಾಕು. ನಮ್ಮ ಕನ್ನಡದ ಇಬ್ಬರು ಇದ್ದಾರೆ, ಹಾಸಿಗೆ ಹಿಡಿದ ದೊರೆಯಾಗಿ ಪ್ರಕಾಶ್ ರೈ, ಪಿತೂರಿಯ ರವಿದಾಸನಾಗಿ ಕಿಶೋರ್. ಇಬ್ಬರೂ ಪಾತ್ರಕ್ಕೆ ಮೋಸ ಮಾಡಿಲ್ಲ.

ಬಿಟ್ಟದ್ದೂ ಬೇಕಾದಷ್ಟಿದೆ. ವಂದಿಯದೇವನ್ ಹತ್ತಿ ತುರುಕಿದ ಮೊಸಳೆಗೆ ಈಟಿ ಎಸೆದು ಹುಡುಗಿಯರಿಂದ ನಗಿಸಿಕೊಳ್ಳೋದು ಹೋಯಿತು, ಹೋಗಲಿ. ಅವನಿಗೋಸ್ಕರ ಸಾಯೋ ಮಣಿಮೇಖಲೆ ಇಲ್ಲವೇ ಇಲ್ಲ, ಅದು ಸ್ವಲ್ಪ ನೋವು. ಆದರೆ ಸೇಂದನ್ ಅಮುದನ್ ವಿಚಾರಕ್ಕೆ ಮಾತ್ರ ನಾನು ಸುಮ್ಮನಿರಲಾರೆ.

ಸೇಂದನ್ ಅಮುದನ್ ತಂಜಾವೂರಿನಲ್ಲಿ ಹೂತೋಟ ಮಾಡೋನು. ತಾಯಿ ಮೂಗಿ. ಬೆಳಗ್ಗೆ ಹೂ ಕಿತ್ತು, ಕಟ್ಟಿ, ದೇವಸ್ಥಾನಕ್ಕೆ ಕೊಟ್ಟು, ತೇವಾರ ಹಾಡಿಕೊಂಡು ಇರ್ತಾನೆ. ದೋಣಿ ನಡೆಸೋ ಪೂಂಗುಳಲಿ ಮೇಲೆ ಆಸೆ, ಅವಳು ಇವನ ಕಡೆ ತಿರುಗಿಯೂ ನೋಡಲ್ಲ. ಐದನೇ ಭಾಗದ ಹೆಸರೇ ತ್ಯಾಗ ಶಿಖರ. ಅಲ್ಲಿ ತಿಳಿಯುತ್ತೆ, ಮಕ್ಕಳು ಅದಲುಬದಲಾಗಿವೆ, ಸೆಂಬಿಯನ್ ಮಹಾದೇವಿಯ ಹೊಟ್ಟೆಯಲ್ಲಿ ಹುಟ್ಟಿದವನು ಇವನೇ. ಜನರೆಲ್ಲ ಅರುಳ್ಮೊಳಿಯೇ ದೊರೆ ಅಂತ ಕಾದು ನಿಂತಿರುವಾಗ, ಅವನು ಕಿರೀಟ ತಗೊಂಡು ಹೂ ಕಟ್ಟೋನ ತಲೆ ಮೇಲೆ ಇಡ್ತಾನೆ. ದೋಣಿಯವಳು ರಾಣಿಯಾಗ್ತಾಳೆ.

ಸಿನಿಮಾದಲ್ಲಿ ಸೇಂದನ್ ಅಮುದನ್ ಬಂದು ಹೋಗ್ತಾನೆ, ಅಷ್ಟೇ. ಅರುಳ್ಮೊಳಿ ಕಿರೀಟ ಬಿಟ್ಟುಕೊಡ್ತಾನೆ ನಿಜ, ಆದರೆ ಕೊಡೋದು ಅರಮನೆಯಲ್ಲೇ ಬೆಳೆದ, ಅದಕ್ಕಾಗಿ ಪಿತೂರಿಯನ್ನೂ ಮಾಡಿದ ಮದುರಾಂತಕನಿಗೆ. ಚಿಕ್ಕಪ್ಪನಿಗೆ ಅಣ್ಣನ ಮಗ ಕೊಟ್ಟಂಗಾಯಿತು. ಮನೆ ಆಸ್ತಿ ಮನೆಯಲ್ಲೇ ಉಳೀತು. ಅದೂ ದೊಡ್ಡ ಮನಸ್ಸೇ. ಆದರೆ ಪುಸ್ತಕದಲ್ಲಿ ನನ್ನ ಎದೆ ಹೊಡ್ಕಂಡಂಗೆ ಇಲ್ಲಿ ಹೊಡ್ಕಳ್ಳಲಿಲ್ಲ. ನಾನೂ ಮುಕ್ಕಾಲು ಎಕರೆ ಹೂ ಬೆಳೆಯೋನು, ಅದಕ್ಕೇ ಇರಬಹುದು.

ಇದನ್ನು ಹೇಳಿದಾಗ ವಾಚನಾಲಯದಲ್ಲಿ ಒಬ್ಬ ಮೇಷ್ಟ್ರು ಎರಡು ಮಾತು ಕೇಳಿದರು. ಒಂದು, ಚರಿತ್ರೆಯಲ್ಲಿ ಉತ್ತಮ ಚೋಳ ಅಂತ ಪಟ್ಟಕ್ಕೆ ಬಂದವನು ಮದುರಾಂತಕನೇ, ಅವನಾದ ಮೇಲೆ 985ರಲ್ಲಿ ಅರುಳ್ಮೊಳಿ ರಾಜರಾಜನಾದ. ಹಾಗಾಗಿ ಸಿನಿಮಾನೇ ಶಾಸನಕ್ಕೆ ಹತ್ತಿರ. ಒಪ್ಪಿದೆ. ಇನ್ನೊಂದು ಚುಚ್ಚಿತು. "ಹೂಗಾರನೂ ಕೊನೆಗೆ ರಾಜನ ರಕ್ತವೇ ಆದನಲ್ಲ ಯಜಮಾನರೇ, ನಿಜವಾದ ಹೂಗಾರನಿಗೆ ಕಲ್ಕಿ ಕಿರೀಟ ಕೊಟ್ಟರಾ?" ಇದಕ್ಕೆ ಅವತ್ತು ಉತ್ತರ ಬರಲಿಲ್ಲ. ಇವತ್ತು ಇಷ್ಟು ಹೇಳಬಲ್ಲೆ. ನಮ್ಮ ಹಾಡುಗತೆಗಳಲ್ಲೂ ಕುರಿ ಕಾಯೋ ಹುಡುಗ ಕೊನೆಗೆ ದೊರೆ ಮಗ ಆಗ್ತಾನೆ. ಆ ಗಂಟು ಇಲ್ಲದಿದ್ರೆ ಆ ಕಾಲದ ಯಜಮಾನರು ಹಾಡೋಕೆ ಬಿಡ್ತಿರಲಿಲ್ಲವೋ ಏನೋ. ಆದರೆ ಕೇಳೋ ಜನ ನೆನಪಿಟ್ಟುಕೊಳ್ಳೋದು ಕುರಿ ಕಾಯ್ತಿದ್ದ ದಿನಗಳನ್ನೇ. ಸೇಂದನ್ ಅಮುದನ್ ನನಗೆ ರಾಜನಾಗಿ ನೆನಪಿಲ್ಲ, ಹೂಬುಟ್ಟಿ ಹಿಡಿದು ನಿಂತಂಗೇ ನೆನಪು.

ಕತೆ ಕತ್ತರಿಸೋದು ಏನು ಅಂತ ನನಗೆ ಗೊತ್ತು, ನಾನೂ ಮಾಡಿದ್ದೀನಿ. ಮಾದೇಶ್ವರನ ಕತೆ ಪೂರಾ ಹಾಡೋಕೆ ಒಂದು ರಾತ್ರಿ ಸಾಲದು. ಒಂದು ಸಲ ಹಬ್ಬದ ಮನೆಯಲ್ಲಿ ಹೊತ್ತಾಯ್ತು ಬೇಗ ಮುಗಿಸಿ ಅಂದರು. ಸಂಕಮ್ಮನ ಸಾಲಿನಲ್ಲಿ ಗಂಡ ನೀಲಯ್ಯ ಅವಳಿಗೆ ಕೊಡೋ ಕಷ್ಟವನ್ನೆಲ್ಲ ನಾಲ್ಕು ಮಾತಿನಲ್ಲಿ ಮುಗಿಸಿ, ದೇವರು ಬಂದು ವರ ಕೊಟ್ಟ ಅಂತ ಹಾಡಿಬಿಟ್ಟೆ. ಎಲೆಅಡಿಕೆ ತಟ್ಟೆ ಇಡೋಕೆ ಬಂದ ಮುದುಕಿ ಕೇಳಿದಳು: "ಅವಳು ಅತ್ತದ್ದನ್ನ ಎಲ್ಲಿ ಬಿಟ್ಟೆಯಪ್ಪ?" ವರ ಕೊಟ್ಟದ್ದು ಅವಳಿಗೆ ಬೇಕಾಗಿರಲಿಲ್ಲ. ಮರುವರ್ಷ ಅದೇ ಮನೆಯಲ್ಲಿ ಪೂರಾ ಹಾಡೋಣ ಅಂತ ಹೋದೆ, ಅಷ್ಟರಲ್ಲಿ ಮುದುಕಿ ಹೋಗಿಬಿಟ್ಟಿದ್ದಳು.

ಸಿನಿಮಾದವರಿಗೂ ಹೊತ್ತಾಗಿತ್ತು, ಒಪ್ತೀನಿ. ಮಗು ಅದಲುಬದಲಾದ ಕತೆ ಬಿಡಿಸಿ ಹೇಳೋಕೆ ಇನ್ನೂ ಒಂದು ಗಂಟೆ ಬೇಕಿತ್ತು. ಆದರೆ ಅಷ್ಟು ಹಡಗು, ಅಷ್ಟು ಕತ್ತಿ ಕಾಳಗಕ್ಕೆ ಹೊತ್ತು ಸಿಕ್ಕಿತಲ್ಲ, ಅದರಲ್ಲಿ ಅರ್ಧ ಗಂಟೆ ಹೂತೋಟಕ್ಕೆ ಕೊಡಬಹುದಿತ್ತು ಅನ್ನೋದು ನನ್ನ ತಕರಾರು.

ಮೊಮ್ಮಗಳು ಈಗ ಐದನೇ ಭಾಗ ಎತ್ತಿಕೊಂಡಿದ್ದಾಳೆ, ಮೊದಲ ನಾಲ್ಕು ಬಿಟ್ಟು. ಬೈದೆ, ಕೇಳಲಿಲ್ಲ. ಆ ನಾಲ್ಕು ಭಾಗ ವಾಚನಾಲಯದ ಬೀರುವಿನ ಕೆಳಗಿನ ಅರೆಯಲ್ಲಿದೆ, ಎರಡನೆಯದಕ್ಕೆ ರಟ್ಟು ಹೋಗಿದೆ. ತಮಿಳು ಓದೋಕೆ ಬರೋರು ತಗೊಂಡು ಹೋಗಿ. ಬಾರದವರು ರಾಗಿ ಕಣ ಮುಗಿದ ಮೇಲೆ ಸಂಜೆ ಹೊತ್ತು ನಮ್ಮ ಜಗಲಿಗೆ ಬನ್ನಿ, ಕನ್ನಡದಲ್ಲಿ ನಾನು ಹೇಳ್ತೀನಿ.